ರೈತನ ಮನೆಯ ಕುಲುಮೆಗೆ ಐದು ಸಾಮಾನು

ಹಿಂಗಾರಿ ಜೋಳದ ಬಿತ್ತಿಗೆಗೆ ನೆಲ ಹದಕ್ಕೆ ಬಂದಾಗ ಕುಂಟೆಯ ಅಲಗು ಮೊಂಡಾಗಿದ್ದರೆ, ಹದವು ನಮಗಾಗಿ ಕಾಯುವುದಿಲ್ಲ. ಕಂಬಾರನ ಕುಲುಮೆ ದೂರವಿರುವ ಊರುಗಳಲ್ಲಿ ಅಲಗು ಬಡಿಯುವ, ಕೊಂಡಿ ಬಗ್ಗಿಸುವ ಸಣ್ಣ ಕೆಲಸಕ್ಕೆ ಮನೆಯಲ್ಲಿಯೇ ಕುಲುಮೆ ಹೂಡಬೇಕೆನ್ನುವ ರೈತ ಬಾಂಧವರು ಉಂಟು. ಅಂಥವರು ಕಂಡದ್ದನ್ನೆಲ್ಲ ಕೊಳ್ಳದೆ, ಪರೀಕ್ಷಿಸಿ ಐದೇ ಸಾಮಾನು ಕೊಳ್ಳುವುದು ಲೇಸು.

ಅಡಿಗಲ್ಲು: ಹಣದ ದೊಡ್ಡ ಪಾಲು ಇದಕ್ಕೇ ಸಲ್ಲಲಿ. ಬೀಡುಕಬ್ಬಿಣದ ಅಡಿಗಲ್ಲು ಪೆಟ್ಟನ್ನು ನುಂಗುತ್ತದೆ; ಅದರ ಅಂಚೂ ಒಡೆಯುತ್ತದೆ. ಉಕ್ಕಿನದು ಪೆಟ್ಟನ್ನು ತಿರುಗಿ ಕೊಡುತ್ತದೆ. ಅಂಗಡಿಗೆ ಹೋಗುವಾಗ ಬೇರಿಂಗಿನ ಉಕ್ಕಿನ ಗುಂಡೊಂದು ಜೇಬಿನಲ್ಲಿರಲಿ. 10 ಅಂಗುಲ ಮೇಲಿನಿಂದ ಅದನ್ನು ಅಡಿಗಲ್ಲಿನ ಮುಖದ ಮೇಲೆ ಬಿಡಿರಿ. 7-8 ಅಂಗುಲ ಪುಟಿದರೆ ಕೊಳ್ಳಿರಿ. 3-4 ಅಂಗುಲಕ್ಕೇ ನಿಂತರೆ ಬಿಟ್ಟುಬಿಡಿರಿ.

ಹಣ ಸಾಲದಿದ್ದರೆ ರೈಲು ಹಳಿಯ ತುಂಡೂ ಆದೀತು. ಮೀಟರಿಗೆ 52 ಕಿಲೋ ತೂಗುವ ಹಳಿಯಾದರೆ ಒಂದೂವರೆ ಅಡಿಗೆ ಸುಮಾರು 24 ಕಿಲೋ ಆಗುತ್ತದೆ. ಅದನ್ನು ಮಲಗಿಸದೆ ಮರದ ದಿಮ್ಮಿಯಲ್ಲಿ ನೆಟ್ಟಗೆ ನಿಲ್ಲಿಸಿದರೆ ತೂಕವೆಲ್ಲ ಪೆಟ್ಟಿನ ಕೆಳಗೇ ಬರುತ್ತದೆ. ಆದರೆ ರಶೀದಿಯಿಲ್ಲದೆ ಹಳಿ ತರಬೇಡಿರಿ. ಕದ್ದ ರೈಲ್ವೆ ಸೊತ್ತೆಂಬ ಸಂಶಯ ಬಂದರೆ, ಅದು ನ್ಯಾಯವಾಗಿ ಬಂದದ್ದೆಂದು ತೋರಿಸುವ ಹೊಣೆ 1966ರ ಕಾಯಿದೆಯಂತೆ ಇಟ್ಟುಕೊಂಡವನದೇ.

ಸುತ್ತಿಗೆ: ಒಂದು ಕಿಲೋದ್ದು ಸಾಕು. ಅತಿ ಭಾರದ್ದು ಕೈಯನ್ನು ದಣಿಸುತ್ತದೆ; ದಣಿದ ಕೈ ಗುರಿ ತಪ್ಪುತ್ತದೆ. ಹಿಡಿಯ ಮರದ ಎಳೆ ಉದ್ದಕ್ಕೂ ನೇರವಾಗಿರತಕ್ಕದ್ದು.

ಇಕ್ಕಳ: ನಿಮ್ಮ ಅಲಗನ್ನೇ ಅಂಗಡಿಗೆ ಒಯ್ದು ಹಿಡಿದು ನೋಡಿರಿ. ಎರಡು ದವಡೆಗಳೂ ಅದರ ಮೇಲೆ ಸಮನಾಗಿ ಕೂಡಬೇಕು. ಜಾರುವ ಇಕ್ಕಳವು ಕಾದ ಕಬ್ಬಿಣವನ್ನು ಕಾಲ ಮೇಲೆ ಕೆಡವುತ್ತದೆ.

ಅರ: 12 ಅಂಗುಲದ ಒರಟು ಅರವನ್ನು ಹಿಡಿ ಸಮೇತ ಕೊಳ್ಳಿರಿ. ಹಿಡಿಯಿಲ್ಲದ ಅರದ ಬಾಲ ಅಂಗೈಯನ್ನು ಚುಚ್ಚುತ್ತದೆ. ಮುಂದಕ್ಕೆ ನೂಕುವಾಗ ಮಾತ್ರ ಒತ್ತಿದರೆ ಹಲ್ಲು ಬಹುದಿನ ಬಾಳುತ್ತದೆ.

ತಿದಿ: ಕೈಯಿಂದ ತಿರುಗಿಸುವ ಗಾಳಿಯಂತ್ರ ಅನುಕೂಲ. ಒಬ್ಬನೇ ಕೆಲಸ ಸಾಗಿಸಬಹುದು, ವಿದ್ಯುತ್ತಿನ ಹಂಗಿಲ್ಲ.

ಸೊಲ್ಲಾಪುರದ ಕಡೆಯ ಅಂಗಡಿಗಳಲ್ಲಿ ಮರಾಠಿಯಲ್ಲಿ ಕೇಳಬೇಕಾದರೆ ಅಡಿಗಲ್ಲಿಗೆ ಐರಣ, ಸುತ್ತಿಗೆಗೆ ಹಾತೋಡಾ, ಇಕ್ಕಳಕ್ಕೆ ಸಾಂಡಶಿ, ಅರಕ್ಕೆ ಕಾನಸ, ತಿದಿಗೆ ಭಾತಾ ಎನ್ನಿರಿ.

ಇವುಗಳ ಜೊತೆಗೆ ಕಣ್ಣಿಗೆ ರಕ್ಷಣೆಯ ಕನ್ನಡಕ ಕೊಳ್ಳಲು ಮರೆಯಬಾರದು. ಸುತ್ತಿಗೆಯ ಮುಖ ಅಡಿಗಲ್ಲಿಗೆ ನೇರ ಬಡಿದರೆ ಉಕ್ಕಿನ ಚಕ್ಕೆ ಸಿಡಿಯುವುದುಂಟು. ಹೋದ ಕಣ್ಣು ಯಾವ ಅಂಗಡಿಯಲ್ಲಿಯೂ ಸಿಗದು. ನೈಲಾನು ಬಟ್ಟೆ ಬೇಡ. ಅದು ಕರಗಿ ಮೈಗೆ ಅಂಟುತ್ತದೆ. ಹತ್ತಿಯದೇ ಇರಲಿ. ಸತುವಿನ ಲೇಪವಿರುವ ನೀರಿನ ಕೊಳವೆ, ತಗಡುಗಳನ್ನು ಎಂದೂ ಕುಲುಮೆಗೆ ಹಾಕಬೇಡಿರಿ. ಅವುಗಳ ಹೊಗೆ ಕುಡಿದವನಿಗೆ ಚಳಿಜ್ವರ ಬರುತ್ತದೆ.

ಹೊಸ ಕುಳ ಮಾಡಿಸುವುದಿದ್ದರೆ, ಉಕ್ಕಿಗೆ ಹದ ಕೊಡಿಸುವುದಿದ್ದರೆ, ದೂರವಾದರೂ ಕಂಬಾರನಲ್ಲಿಗೇ ಹೋಗಿರಿ. ಸಾಮಾನು ಸಂತೆಯಲ್ಲಿ ಸಿಕ್ಕೀತು. ಅವನ ಕಣ್ಣಿನ ಅಳತೆ ಸಿಗಲಾರದು. ಬಿಡುವಿನ ದಿನ ಅವನ ಬಳಿ ನಿಂತು ಕಲಿತರೆ, ಮನೆಯ ಕುಲುಮೆಗೆ ಹಾಕಿದ ಹಣ ಬಿತ್ತಿಗೆಯ ವೇಳೆಗೆ ಫಲ ಕೊಟ್ಟೀತು.