ಹನಿಗೂಡಿ ಮೂಡುವ ಗ್ಯಾಲಕ್ಸಿ

ಲಂಡನ್ನಿನ ನಾರ್ದರ್ನ್ ಲೈನ್ ರೈಲು ಹಿಡಿದು ಉತ್ತರಕ್ಕೆ ಹೊರಟರೆ ಒಂದು ಕವಲಿನ ಕೊನೆಯ ನಿಲ್ದಾಣ ಎಜ್‌ವೇರ್. ಮಹಾನಗರದ ಅಂಚಿನಲ್ಲಿದ್ದರೂ ಇಲ್ಲಿನ ರಾತ್ರಿಗೆ ಕಪ್ಪು ಬಣ್ಣವಿಲ್ಲ. ದಕ್ಷಿಣ ದಿಕ್ಕಿನ ಅಷ್ಟೂ ದೀಪಗಳ ಬೆಳಕು ತೇವಕ್ಕೂ ಧೂಳಿಗೂ ತಾಗಿ ಚದುರಿ, ಆಕಾಶ ಬೂದಿ ಬಳಿದಂತೆ ಕಾಣುತ್ತದೆ. ಬರಿಗಣ್ಣಿಗೆ ಹಾಲುಹಾದಿ ಸಿಗುವುದಿಲ್ಲ. ಇಂಥ ಊರಿನ ಹಿತ್ತಿಲಲ್ಲಿ ಪುಟ್ಟ ಟೆಲಿಸ್ಕೋಪು, ಕ್ಯಾಮೆರಾ ಇಟ್ಟುಕೊಂಡು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮೆಡಾ ಗ್ಯಾಲಕ್ಸಿಯನ್ನು ಅದರ ಧೂಳುಪಟ್ಟಿಗಳ ಸಮೇತ ಸೆರೆಹಿಡಿಯಬಹುದು. ಒಂದು ಫೋಟೊದಿಂದ ಆಗುವ ಕೆಲಸವಲ್ಲ ಅದು. ನೂರು, ಇನ್ನೂರು ಫೋಟೊ ತೆಗೆದು ಒಂದರ ಮೇಲೊಂದು ಪೇರಿಸಬೇಕು. ಹವ್ಯಾಸಿಗಳು ಇದನ್ನು ಸ್ಟ್ಯಾಕಿಂಗ್ ಎನ್ನುತ್ತಾರೆ. ಹಾಗೆ ಮೂಡಿದ ಚಿತ್ರ ಕಂಪ್ಯೂಟರಿನ ಕೈಚಳಕ, ಅದರಲ್ಲಿ ನಿಜವೆಷ್ಟೋ ಬಣ್ಣವೆಷ್ಟೋ ಎಂಬ ಅನುಮಾನ ಅನೇಕರಿಗಿದೆ. ನನಗೆ ಕಾಣುವುದು ಇದಕ್ಕೆ ತದ್ವಿರುದ್ಧ: ಒಂಟಿ ಫೋಟೊಗಿಂತ ಪೇರಿಸಿದ ಫೋಟೊವೇ ಹೆಚ್ಚು ನಂಬಲರ್ಹ.

ಯಾಕೆಂದು ತಿಳಿಯಲು ಮಳೆಯನ್ನು ನೆನೆಯೋಣ. ತುಂತುರು ಬೀಳುವಾಗ ಅಂಗಳದಲ್ಲಿ ಎರಡು ತಂಬಿಗೆ ಇಟ್ಟು ಒಂದೇ ಗಳಿಗೆಗೆ ಎತ್ತಿಕೊಂಡರೆ ಒಂದರಲ್ಲಿ ಮೂರು ಹನಿ, ಇನ್ನೊಂದರಲ್ಲಿ ಏಳು ಹನಿ ಇರಬಹುದು. ಇಲ್ಲಿ ಮಳೆ ಕಡಿಮೆ, ಅಲ್ಲಿ ಜಾಸ್ತಿ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಒಂದು ಗಂಟೆ ಬಿಟ್ಟರೆ ಎರಡರಲ್ಲೂ ನೀರು ಹೆಚ್ಚುಕಡಿಮೆ ಸಮ. ದೂರದ ಗ್ಯಾಲಕ್ಸಿಯ ಬೆಳಕು ಕ್ಯಾಮೆರಾದ ಸಂವೇದಕಕ್ಕೆ ಬೀಳುವುದೂ ಹೀಗೆಯೇ, ಹನಿ ಹನಿಯಾಗಿ. 2 ನಿಮಿಷದ ಒಂದು ಫೋಟೊವನ್ನು, ಅಂದರೆ ಫ್ರೇಮನ್ನು, ತೆರೆದು ನೋಡಿ: ಇಡೀ ಚಿತ್ರಕ್ಕೆ ಮಾಸಲು ಕಿತ್ತಳೆ ಬಣ್ಣ, ಮೇಲೆಲ್ಲ ರವೆ ಚೆಲ್ಲಿದಂಥ ಕಾಳುಕಾಳು, ನಡುವೆ ಹೆಬ್ಬೆರಳು ಒತ್ತಿದಂಥ ಮಸುಕು ಗುರುತು. ಆ ಗುರುತೇ ಗ್ಯಾಲಕ್ಸಿಯ ನಡುಭಾಗ. ಕಾಳುಗಳು ಒಂದು ಫ್ರೇಮಿನಲ್ಲಿದ್ದ ಜಾಗದಲ್ಲಿ ಇನ್ನೊಂದರಲ್ಲಿ ಇರುವುದಿಲ್ಲ, ಗ್ಯಾಲಕ್ಸಿ ಮಾತ್ರ ಎಲ್ಲದರಲ್ಲೂ ತನ್ನ ಜಾಗದಲ್ಲೇ ಇರುತ್ತದೆ. ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡು ನೂರು ಫ್ರೇಮು ಹೊಂದಿಸಿ ಕೂಡಿದಾಗ ಗ್ಯಾಲಕ್ಸಿಯ ಬೆಳಕು 100 ಪಟ್ಟು ಬೆಳೆಯುತ್ತದೆ, ಕಾಳುಗಳ ಏರುಪೇರು ಬೆಳೆಯುವುದು 10 ಪಟ್ಟು ಮಾತ್ರ. ಸ್ಪಷ್ಟತೆ ಇನ್ನೂ ಇಮ್ಮಡಿಯಾಗಬೇಕೆಂದರೆ 200 ಫ್ರೇಮು ಸಾಲದು, 400 ಬೇಕು. ನಗರದ ಬೆಳಕಿಗೆ ತೆರುವ ದಂಡವೂ ಇದೇ ಲೆಕ್ಕದಲ್ಲಿದೆ. ಆಕಾಶದ ಹೊಳಪನ್ನು ಸರಾಸರಿ ತೆಗೆದು ಕಳೆಯಬಹುದು, ಆದರೆ ಅದು ತಂದ ಏರುಪೇರನ್ನು ಕಳೆಯಲಾಗದು. ಹಾಗಾಗಿ ಆಕಾಶ 20 ಪಟ್ಟು ಹೆಚ್ಚು ಬೆಳಗಿದ್ದರೆ, ಕತ್ತಲ ಹಳ್ಳಿಯಲ್ಲಿ ಒಂದು ಗಂಟೆಗೆ ಸಿಗುವ ಮಸುಕು ವಿವರಕ್ಕೆ ಇಲ್ಲಿ 20 ಗಂಟೆ ಕಾಯಬೇಕು. ಮೋಡದ ನಾಡಿನಲ್ಲಿ 20 ಗಂಟೆ ಎಂದರೆ ಹಲವು ವಾರಗಳ ತಾಳ್ಮೆ.

ಬೆಳಕು ಕೂಡಿಡುವ ಈ ಕಸುಬಿನ ಬೇರು ಇದೇ ಮಣ್ಣಿನಲ್ಲಿದೆ. 1883ರಲ್ಲಿ ಪಶ್ಚಿಮ ಲಂಡನ್ನಿನ ಈಲಿಂಗ್‌ನ ತನ್ನ ಮನೆಯ ತೋಟದಲ್ಲಿ 36 ಇಂಚಿನ ಕನ್ನಡಿಯ ಟೆಲಿಸ್ಕೋಪಿನಿಂದ ಆಂಡ್ರೂ ಕಾಮನ್ ತೆಗೆದ ಒರಾಯನ್ ನೆಬ್ಯುಲಾದ ಫೋಟೊ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದ್ದವು. 1888ರಲ್ಲಿ ಲಿವರ್‌ಪೂಲ್ ಬಳಿ ಐಸಾಕ್ ರಾಬರ್ಟ್ಸ್ ಗಂಟೆಗಟ್ಟಲೆ ಎಕ್ಸ್‌ಪೋಷರ್ ಕೊಟ್ಟು ಆಂಡ್ರೊಮೆಡಾದ ಸುರುಳಿ ರೂಪವನ್ನು ಜಗತ್ತಿಗೆ ತೋರಿಸಿದ. ಇಬ್ಬರೂ ವೃತ್ತಿಯಿಂದ ಖಗೋಳ ವಿಜ್ಞಾನಿಗಳಲ್ಲ. ಆಗಿನ ಕಷ್ಟವೆಂದರೆ ಇರುವುದೊಂದೇ ಪ್ಲೇಟು. ಭೂಮಿ 4 ನಿಮಿಷಕ್ಕೆ 1 ಡಿಗ್ರಿ ತಿರುಗುವುದರಿಂದ ಟೆಲಿಸ್ಕೋಪನ್ನು ಅದಕ್ಕೆ ಸರಿಯಾಗಿ ತಿರುಗಿಸುತ್ತಲೇ ಇರಬೇಕು, ಮೂರನೆಯ ಗಂಟೆಯಲ್ಲಿ ಎಡವಿದರೂ ಇಡೀ ರಾತ್ರಿ ವ್ಯರ್ಥ. ಇವತ್ತು ಎಡವಿದ ಒಂದು ಫ್ರೇಮನ್ನು ಎಸೆದರಾಯಿತು, ಉಳಿದವು ಉಳಿಯುತ್ತವೆ. ಎಜ್‌ವೇರ್‌ಗೆ ಎಲ್ಸ್‌ಟ್ರೀ ವಿಮಾನ ನಿಲ್ದಾಣ ಹತ್ತಿರವೇ ಇದೆ; ವಿಮಾನವೋ ಉಪಗ್ರಹವೋ ಚಿತ್ರದ ಮೇಲೆ ಗೀರು ಎಳೆದರೆ, ಮಿಕ್ಕ ಫ್ರೇಮುಗಳು ಒಪ್ಪದ ಆ ಗೀರನ್ನು ತಂತ್ರಾಂಶ ಲೆಕ್ಕದಿಂದ ಹೊರಗಿಡುತ್ತದೆ. ನೂರು ಸಾಕ್ಷಿಗಳಲ್ಲಿ ಒಬ್ಬನೇ ಕಂಡೆನೆಂದದ್ದನ್ನು ಬದಿಗಿಡುವ ಕ್ರಮ ಇದು. ಕ್ಯಾಮೆರಾ ತಾನೇ ಹೇಳುವ ಸುಳ್ಳಿಗೂ ಮದ್ದಿದೆ. ಮುಚ್ಚಳ ಹಾಕಿ ಅಷ್ಟೇ ಹೊತ್ತಿನ, ಅದೇ ತಾಪಮಾನದ ಕಪ್ಪು ಫ್ರೇಮುಗಳನ್ನು ತೆಗೆದರೆ ಸಂವೇದಕದ ಬಿಸಿ ಚುಕ್ಕಿಗಳು ಗೊತ್ತಾಗುತ್ತವೆ. ಬೆಳಗಿನ ಜಾವ ಟೆಲಿಸ್ಕೋಪಿನ ಬಾಯಿಗೆ ಸುಕ್ಕಿಲ್ಲದ ಬಿಳಿ ಟೀ ಶರ್ಟ್ ಬಿಗಿದು ತೆಗೆದರೆ ಧೂಳಿನ ಕಣಗಳ ನೆರಳು, ಕೋಡುಬಳೆಯಾಕಾರದ ಕಲೆಗಳಾಗಿ, ಸಿಕ್ಕಿಬೀಳುತ್ತದೆ. ಅವನ್ನೆಲ್ಲ ಲೆಕ್ಕಹಾಕಿ ತೆಗೆದ ಮೇಲೇ ಪೇರಿಸುವುದು.

ಕಣ್ಣಿಗೆ ಕಾಣದ್ದನ್ನು ನಿಜವೆನ್ನುವುದು ಹೇಗೆ ಎಂಬ ಆಕ್ಷೇಪ ಮೊದಲು ಬರುತ್ತದೆ. ನಮ್ಮ ಕಣ್ಣು ಸೆಕೆಂಡಿನ ಸಣ್ಣ ಪಾಲಿನಷ್ಟು ಹೊತ್ತಿನ ಬೆಳಕನ್ನಷ್ಟೇ ಕೂಡಿಟ್ಟುಕೊಳ್ಳಬಲ್ಲದು, ಮಂದ ಬೆಳಕಿನಲ್ಲಿ ಬಣ್ಣವನ್ನೂ ಕಾಣದು. ಅದು ಕಣ್ಣಿನ ಮಿತಿ. ಗ್ಯಾಲಕ್ಸಿಗೆ ಅದರಿಂದ ಕುಂದಿಲ್ಲ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಹಬಲ್ ಬಾಹ್ಯಾಕಾಶ ಟೆಲಿಸ್ಕೋಪು ತೆಗೆದ ಚಿತ್ರ ಯಾರಿಗೂ ಸಿಗುವಾಗ ಊರ ಬೆಳಕಿನಲ್ಲಿ ಈ ಪಾಡು ಯಾಕೆ? ಉತ್ತರ ಎಜ್‌ವೇರ್‌ನ ಪಕ್ಕದ ಮಿಲ್ ಹಿಲ್‌ನಲ್ಲಿದೆ. ಅಲ್ಲಿನ ವಾಟ್‌ಫರ್ಡ್ ವೇ ರಸ್ತೆಯ ಬದಿಯಲ್ಲಿ 1929ರಿಂದ ಇರುವ ಲಂಡನ್ ವಿಶ್ವವಿದ್ಯಾಲಯದ ವೀಕ್ಷಣಾಲಯ ಈಗ ಯೂನಿವರ್ಸಿಟಿ ಕಾಲೇಜ್ ಲಂಡನ್‌ನದು. 2014ರ ಜನವರಿ 21ರ ಸಂಜೆ ಸ್ಟೀವ್ ಫಾಸಿ ಅಲ್ಲಿ ಪದವಿ ವಿದ್ಯಾರ್ಥಿಗಳಿಗೆ 35 ಸೆಂ.ಮೀ. ಟೆಲಿಸ್ಕೋಪಿನ ಬಳಕೆ ಕಲಿಸುತ್ತಿದ್ದರು. ಮೋಡ ಕವಿಯುತ್ತಿದ್ದುದರಿಂದ ಥಟ್ಟನೆ ಎಂ82 ಗ್ಯಾಲಕ್ಸಿಯತ್ತ ತಿರುಗಿಸಿದಾಗ, ಹಳೆಯ ಚಿತ್ರಗಳಲ್ಲಿಲ್ಲದ ನಕ್ಷತ್ರವೊಂದು ಅಲ್ಲಿತ್ತು. ಅವರು ಮಾಡಿದ್ದೇನು ಗಮನಿಸಿ: ಮೋಡದ ಸಂದಿಯಲ್ಲಿ ಒಂದೆರಡು ನಿಮಿಷದ ಫ್ರೇಮುಗಳನ್ನು ಬೇರೆ ಬೇರೆ ಫಿಲ್ಟರಿನಲ್ಲಿ ಮತ್ತೆ ಮತ್ತೆ ತೆಗೆದರು, ಕ್ಯಾಮೆರಾದ ದೋಷವಲ್ಲವೆಂದು ಖಚಿತಪಡಿಸಿಕೊಳ್ಳಲು ಎರಡನೆಯ ಟೆಲಿಸ್ಕೋಪಿನಿಂದಲೂ ನೋಡಿದರು. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಸಿಡಿದ ಆ ನಕ್ಷತ್ರಕ್ಕೆ, ಅಂದರೆ ಸೂಪರ್‌ನೋವಾಕ್ಕೆ, ಎಸ್‌ಎನ್ 2014ಜೆ ಎಂದು ಹೆಸರಾಯಿತು. ಅದರ ಬೆಳಕು ಕೆಲವು ದಿನ ಮೊದಲೇ ಬೇರೆಯವರ ಚಿತ್ರಗಳಲ್ಲೂ ಬಿದ್ದಿತ್ತು, ಯಾರೂ ಗಮನಿಸಿರಲಿಲ್ಲ. ಮುಂದೆ ಲಡಾಖಿನ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪು ಕೂಡ ಅದನ್ನು ಅಧ್ಯಯನ ಮಾಡಿತು. ಆ ಟೆಲಿಸ್ಕೋಪನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಲ್ಲಿ ಕುಳಿತು. ಹಬಲ್ ಎಲ್ಲ ಕಡೆಗೂ ಎಲ್ಲ ರಾತ್ರಿಯೂ ನೋಡುತ್ತಿರಲಾರದು.

ಒಂದು ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಸಾವಿರಾರು ಚಿತ್ರಗಳಿಂದ ಕಲಿತ ಹೊಸ ತಂತ್ರಾಂಶಗಳು ಕಾಳುಗಳನ್ನು ನಯವಾಗಿ ಒರೆಸುವ ಭರದಲ್ಲಿ, ಇಲ್ಲದ ಎಳೆಯನ್ನೂ ಎಳೆದುಬಿಡಬಹುದು. ಫ್ರೇಮು ಕೂಡುವುದು ಅಳತೆ. ಹೀಗೆ ತುಂಬುವುದು ಊಹೆ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದಾಗ ಅನುಮಾನಿಸುವವರನ್ನು ದೂರಲಾಗದು. ಆದ್ದರಿಂದಲೇ ಪ್ರಾಮಾಣಿಕ ಹವ್ಯಾಸಿಗಳು ಚಿತ್ರದ ಕೆಳಗೆ ಎಷ್ಟು ಫ್ರೇಮು, ಎಷ್ಟು ನಿಮಿಷ, ಯಾವ ಫಿಲ್ಟರು, ಯಾವ ಊರು ಎಂದು ಬರೆಯುತ್ತಾರೆ. ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು.

ಎಜ್‌ವೇರ್‌ಗೆ ಒಂದು ಅನುಕೂಲವೂ ಉಂಟು. ಬೆಂಗಳೂರಿನಲ್ಲಿ ಆಂಡ್ರೊಮೆಡಾ ಉತ್ತರಕ್ಕೆ ವಾಲಿ ಸಾಗಿದರೆ, ಇಲ್ಲಿ ಬಹುತೇಕ ನೆತ್ತಿಗೇ ಬರುತ್ತದೆ. ಎಂ82 ಎಂದೂ ಮುಳುಗುವುದೇ ಇಲ್ಲ. ಜೂನಿನಲ್ಲಿ ಇಲ್ಲಿ ಪೂರ್ತಿ ಕತ್ತಲಾಗುವುದಿಲ್ಲ, ಆಗ ಸಲಕರಣೆ ಒರೆಸಿಡುವ ಕಾಲ. ನವೆಂಬರ್ ನಡುವಿಗೆ ರಾತ್ರಿ 9 ಗಂಟೆಯ ಹೊತ್ತಿಗೆ ಗ್ಯಾಲಕ್ಸಿ ತಲೆಯ ಮೇಲಿರುತ್ತದೆ. ಲೆನ್ಸಿಗೆ ಇಬ್ಬನಿ ಹಿಡಿಯದಂತೆ ಬಿಸಿಪಟ್ಟಿ ಸುತ್ತಿ, ಮೊದಲ ಫ್ರೇಮಿಗೆ ಷಟರ್ ತೆರೆಯಬಹುದು.