ಕಂಪನಿಯ ದರಪಟ್ಟಿಯನ್ನು ಅಂಗಡಿಯ ಕಂಪ್ಯೂಟರಿಗೆ ಇಳಿಸುವುದು ಹೇಗೆ?

2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಸ್ನಾನದ ಸೋಪು, ಟೂತ್‌ಪೇಸ್ಟ್‌ಗಳದ್ದು 18ರಿಂದ 5ಕ್ಕೆ ಬಂತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿ ಬದಿಯ ಅಂಗಡಿಗಳೂ ಬೆಳಗಾಗುವುದರೊಳಗೆ ದರ ತಿದ್ದಬೇಕಾಯಿತು. ಇಂಥ ದಿನ ಒಂದೊಂದೇ ಐಟಂ ಟೈಪ್ ಮಾಡುತ್ತ ಕೂತರೆ ಆಗುವ ಕೆಲಸವಲ್ಲ. ಟ್ಯಾಲಿಯಂಥ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಎಕ್ಸೆಲ್ ಪಟ್ಟಿಯನ್ನೇ ಒಟ್ಟಿಗೆ ಒಳಗೆ ತೆಗೆದುಕೊಳ್ಳುತ್ತವೆ. ಆದರೆ ಬಂದ ಪಟ್ಟಿಯನ್ನು ಹಾಗೆಯೇ ಸುರಿಯಬಾರದು. ಮೊದಲು ಹಸನು ಮಾಡಬೇಕು.

ಹೆಸರು ಬೇಡ, ಕೋಡ್ ನೋಡಿ

ಕುಂದಾಪುರದ ಒಂದು ಹಾರ್ಡ್‌ವೇರ್ ಅಂಗಡಿ ಎಂದುಕೊಳ್ಳಿ. ನಿಮ್ಮ ಲೆಕ್ಕದಲ್ಲಿ ‘ಎಲ್ಬೋ ಮುಕ್ಕಾಲು’ ಇದ್ದರೆ ಕಂಪನಿ ಪಟ್ಟಿಯಲ್ಲಿ ‘3/4 ಎಲ್ಬೋ’ ಇರುತ್ತದೆ. ಹೆಸರಿನ ಮೇಲೆ ಹೊಂದಿಸಿದರೆ ಒಂದೇ ಮಾಲು ಎರಡು ಐಟಂ ಆಗಿ ಕೂರುತ್ತದೆ. ಪ್ರತಿ ಐಟಂಗೂ ಕಂಪನಿಯ ಕೋಡ್ ಒಮ್ಮೆ ಬರೆದಿಟ್ಟುಕೊಂಡರೆ ಮುಂದಿನ ಪ್ರತಿ ಪಟ್ಟಿಗೂ ಅದೇ ಕೊಂಡಿ.

ಎಕ್ಸೆಲ್ ಕೆಡಿಸುವ ಮೂರು ಜಾಗ

ಮುಕ್ಕಾಲು ಇಂಚಿನ 3/4 ಅನ್ನು ಎಕ್ಸೆಲ್ ತಾರೀಕು ಎಂದು ತಿಳಿದು ‘03-ಏಪ್ರಿಲ್’ ಮಾಡಿಬಿಡುತ್ತದೆ. ಗೇರುಬೀಜ, ತೆಂಗಿನಕಾಯಿಗಳ ಎಚ್‌ಎಸ್‌ಎನ್ ಕೋಡ್ 0801. ಅದರ ಮುಂದಿನ ಸೊನ್ನೆ ಬಿದ್ದು 801 ಉಳಿಯುತ್ತದೆ. 890ರಿಂದ ಶುರುವಾಗುವ 13 ಅಂಕಿಯ ಬಾರ್‌ಕೋಡ್ 8.9ಇ+12 ಎಂದು ಕಾಣುತ್ತದೆ. ಆದ್ದರಿಂದ ಪಟ್ಟಿ ಸಿಎಸ್‌ವಿ ಫೈಲಾಗಿ ಬಂದಿದ್ದರೆ ಅದನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಒಳತಂದು, ಈ ಮೂರು ಕಾಲಂಗಳನ್ನು ‘ಟೆಕ್ಸ್ಟ್’ ಎಂದು ಗುರುತಿಸಿ.

ಪಟ್ಟಿಯ ದರವೇ ಅಸಲಲ್ಲ

ತೆರಿಗೆ ಬಿಟ್ಟು ಪಟ್ಟಿಯ ದರ 100 ರೂಪಾಯಿ, ಡಿಸ್ಕೌಂಟ್ ‘40+5’ ಎನ್ನೋಣ. ಇದು ಶೇ. 45 ಅಲ್ಲ. 100ರಲ್ಲಿ 40 ಹೋಗಿ 60. ಆ 60ರಲ್ಲಿ ಶೇ. 5 ಹೋಗಿ 57. ಮಂಗಳೂರಿನಿಂದ ತರಿಸಿದ ಲಾರಿ ಬಾಡಿಗೆ 3 ರೂಪಾಯಿ ಸೇರಿದರೆ ಅಸಲು 60. ಇದರ ಮೇಲೆ ಶೇ. 20 ಹಾಕಿ 72ಕ್ಕೆ ಮಾರಿದರೆ ಮಾರಾಟದ ಮೇಲೆ ಸಿಗುವ ಲಾಭ ಶೇ. 16.67 ಮಾತ್ರ. ಮಾರಾಟದ ಮೇಲೆ ಶೇ. 20 ಬೇಕಿದ್ದರೆ 60ನ್ನು 0.8ರಿಂದ ಭಾಗಿಸಿ: 75. ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ ಗಿರಾಕಿಗೆ 88.50. ಇದು ಎಂಆರ್‌ಪಿ ದಾಟಬಾರದು. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ದರ. ಕಾಂಪೊಸಿಷನ್ ಸ್ಕೀಮಿನಲ್ಲಿರುವವರಿಗೆ ಕೊಟ್ಟ ತೆರಿಗೆ ವಾಪಸು ಸಿಗುವುದಿಲ್ಲ, ಬಿಲ್ಲಿನಲ್ಲಿ ಹಾಕುವಂತೆಯೂ ಇಲ್ಲ. ಅವರು ಅದನ್ನು ಅಸಲಿಗೇ ಸೇರಿಸಿಕೊಳ್ಳಬೇಕು.

ಅಳತೆಯನ್ನೂ ನೋಡಿ. ಕಂಪನಿ ಬಾಕ್ಸಿನ ದರ ಕೊಟ್ಟು ನೀವು ಬಿಡಿಯಾಗಿ ಮಾರುವುದಾದರೆ, ಬಾಕ್ಸಿನಲ್ಲಿ ಎಷ್ಟು ಪೀಸು ಎಂಬ ಕಾಲಂ ಇರಲೇಬೇಕು.

ಮೊದಲು ಹತ್ತೇ ಐಟಂ

ಬ್ಯಾಕಪ್ ತೆಗೆಯಿರಿ. ಹತ್ತು ಐಟಂ ಮಾತ್ರ ಇಂಪೋರ್ಟ್ ಮಾಡಿ, ಒಂದು ಪರೀಕ್ಷಾ ಬಿಲ್ ಹಾಕಿ, ಕೈಲೆಕ್ಕದೊಂದಿಗೆ ತಾಳೆ ನೋಡಿ. ಸರಿಯಿದ್ದರೆ ಉಳಿದದ್ದು. ಆಮೇಲೆ ಹಳೆಯ ದರಕ್ಕಿಂತ ಶೇ. 10ಕ್ಕೂ ಹೆಚ್ಚು ಏರಿದ ಅಥವಾ ಇಳಿದ ಐಟಂಗಳನ್ನು ಬೇರೆ ಮಾಡಿ ಕಣ್ಣಾಡಿಸಿ. ತಪ್ಪುಗಳು ಹೆಚ್ಚಾಗಿ ಅಲ್ಲೇ ಸಿಗುತ್ತವೆ.

ಬಂದ ಮೂಲ ಪಟ್ಟಿಯನ್ನು ತಾರೀಕು ಹಾಕಿ ಹಾಗೆಯೇ ಉಳಿಸಿಕೊಳ್ಳಿ. ನಾಳೆ ಗಿರಾಕಿ ‘ಹೋದ ವಾರ ಕಡಿಮೆ ಇತ್ತಲ್ಲ’ ಎಂದು ಕೇಳಿದರೆ, ತೆಗೆದು ತೋರಿಸಲು ನಿಮ್ಮ ಕೈಯಲ್ಲಿ ಲೆಕ್ಕ ಇರಲಿ.