ಕಹಿಯೆಂದು ಗ್ಲಾಸು ಹಿಂದಿರುಗಿಸುವ ಮುನ್ನ...

ಮುಂಬಯಿಯ ಹೋಟೆಲ್ ಉದ್ಯಮದಲ್ಲಿ ತುಳು-ಕನ್ನಡಿಗರ ಸಾಧನೆ ಸರ್ವವಿದಿತ. ಉಪಾಹಾರಗೃಹಗಳ ಜೊತೆಗೆ ಬಾರ್ ಎಂಡ್ ರೆಸ್ಟೋರೆಂಟ್‌ಗಳನ್ನೂ ನಮ್ಮವರು ನಡೆಸುತ್ತಾ ಬಂದಿದ್ದಾರೆ. ಲಾಗರ್ ರುಚಿಗೆ ಒಗ್ಗಿದ ಗ್ರಾಹಕರು ಮಸುಕಾದ, ಕಹಿ ಹೆಚ್ಚಿರುವ ಬಿಯರನ್ನು ‘ಕೆಟ್ಟಿದೆ’ ಎಂದು ಹಿಂದಿರುಗಿಸುವುದುಂಟು. ಗುಣ ಯಾವುದು, ದೋಷ ಯಾವುದು ಎಂಬುದು ಗಲ್ಲೆಯಲ್ಲಿ ಕುಳಿತವರಿಗೆ ತಿಳಿದಿದ್ದರೆ ಒಳ್ಳೆಯ ಮಾಲು ಮೋರಿಗೆ ಹೋಗದು, ಹಾಳಾದುದು ಮೇಜಿಗೆ ಬಾರದು.

ಬೆಲ್ಜಿಯಂನ ಸೆಜಾನ್ ಬಿಯರ್ ಇದಕ್ಕೆ ಉತ್ತಮ ನಿದರ್ಶನ. ಫ್ರೆಂಚ್ ಭಾಷಿಕರ ವಲೋನಿಯಾ ಪ್ರಾಂತ್ಯದ ರೈತರು ಚಳಿಗಾಲದಲ್ಲಿ ತಯಾರಿಸಿಟ್ಟು, ಬೇಸಗೆಯಲ್ಲಿ ಹೊಲದ ಆಳುಗಳಿಗೆ ಇದನ್ನು ಕೊಡುತ್ತಿದ್ದರೆಂಬುದು ಪ್ರತೀತಿ. ತೂರ್ಪ್ ಗ್ರಾಮದ ಡುಪಾಂಟ್ ಬ್ರೂವರಿಯ ಶೇ. 6.5 ಮದ್ಯಾಂಶದ ಸೆಜಾನ್ ಈ ಬಗೆಗೆ ಮಾದರಿ. ಹೆಚ್ಚಿನ ಪರಿಮಳಕ್ಕಾಗಿ, ಕುದಿಸುವಾಗಲ್ಲದೆ ಹುದುಗಿದ ಬಳಿಕವೂ ಹಾಪ್ಸ್ ಹೂ ಸೇರಿಸಿದ ಬಗೆಯೂ ಅಲ್ಲಿದೆ.

ಇದನ್ನು ಮಂಜುಗಡ್ಡೆಯಷ್ಟು ತಣ್ಣಗೆ ಬಡಿಸಿದರೆ ಪರಿಮಳವೇ ಏಳದು. 8ರಿಂದ 12 ಡಿಗ್ರಿ ಸೆಲ್ಸಿಯಸ್ ಸಾಕು. ಅಗಲ ಹೊಟ್ಟೆಯ ಗ್ಲಾಸಿಗೆ ಅರ್ಧ ಸುರಿದು ಮೊದಲು ಮೂಸಬೇಕು. ಹಾಪ್ಸ್‌ನಿಂದ ಹೂವು, ಹಸಿಹುಲ್ಲು, ನಿಂಬೆಸಿಪ್ಪೆಯ ಕಂಪು. ಯೀಸ್ಟ್‌ನಿಂದ ಕಾಳುಮೆಣಸು, ಲವಂಗದ ಘಮ. ಮಸುಕು ಬಣ್ಣಕ್ಕೂ ಹೆಚ್ಚಾಗಿ ಯೀಸ್ಟೇ ಕಾರಣ. ಸಕ್ಕರೆಯ ಬಹುಪಾಲನ್ನು ಅದು ತಿಂದು ಮುಗಿಸುವುದರಿಂದ ಸಿಹಿ ಉಳಿಯದು, ಕಹಿ ಎದ್ದು ಕಾಣುತ್ತದೆ. ನುಂಗಿದ ಮೇಲೆ ಬಾಯಿ ಶುಚಿಯಾದರೆ ಆ ಕಹಿ ಗುಣ. ಒಗರಾಗಿ ನಾಲಿಗೆಗೆ ಅಂಟಿಕೊಂಡರೆ ಕುಂದು.

ಬೆಣ್ಣೆಯ ವಾಸನೆ ಈ ಬಿಯರಿಗೆ ಸಲ್ಲದು. ಒದ್ದೆ ರಟ್ಟಿನ ವಾಸನೆ ಹಳತಾಗಿದೆ ಎಂಬುದರ ಸೂಚನೆ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶವೇ ದುರ್ವಾಸನೆಗೆ ತಿರುಗುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಬಾಟಲಿ ಅಷ್ಟಾಗಿ ತಡೆಯದು. ಆದ್ದರಿಂದ ಅಂದಕ್ಕೆಂದು ಬಾಟಲಿಗಳನ್ನು ದೀಪದಡಿ ಸಾಲಾಗಿಡುವುದು ನಷ್ಟದ ಬಾಬತ್ತು. ಹಾಪ್ಸ್ ಪರಿಮಳ ಬೇಗ ಮಾಸುವುದರಿಂದ ತಾಜಾ ಮಾಲನ್ನು ತಂಪಾದ ಕತ್ತಲಲ್ಲಿಟ್ಟು ಬೇಗ ಖರ್ಚು ಮಾಡಬೇಕು.

ಅಮೆರಿಕದಲ್ಲಿ ರೂಪುಗೊಂಡ ಬಿಜೆಸಿಪಿ ತೀರ್ಪು ಪದ್ಧತಿಯ 50 ಅಂಕಗಳಲ್ಲಿ ರುಚಿಗೆ 20, ಪರಿಮಳಕ್ಕೆ 12, ಒಟ್ಟು ಅನುಭವಕ್ಕೆ 10, ಬಾಯಿಯಲ್ಲಿನ ಹದಕ್ಕೆ 5. ನೋಟಕ್ಕೆ ಕೇವಲ 3! ಮಸುಕಾಗಿದೆಯೆಂದು ಬಿಯರನ್ನು ದೂರುವವರು ಇದನ್ನು ಗಮನಿಸಬೇಕು.

ಊರಿನಲ್ಲಿ ಶೇಂದಿಯನ್ನು ಮೂಸಿಯೇ ಅದು ಹುಳಿ ಬಂದಿದೆಯೇ ಎಂದು ಹೇಳಬಲ್ಲ ಹಿರಿಯರಿದ್ದಾರೆ. ನಮ್ಮ ಉದ್ಯಮಿಗಳಿಗೂ, ಅವರ ಸಿಬ್ಬಂದಿಗೂ ಬೇಕಾದುದು ಅಂಥ ಮೂಗೇ. ಪರೀಕ್ಷೆಗೆ ಎರಡು ಗುಟುಕು ಸಾಕು. ಹೆಚ್ಚು ಕುಡಿದವರ ತೀರ್ಪಿಗೆ ಬೆಲೆಯಿಲ್ಲ.